ಸಾಕಮ್ಮ ಟೀಚರ್ ತಾರಸಿಗೆ ಹಾಳೆ ಹಾಸಿದ್ದು

ಮದ್ದೂರಿನ ಪೇಟೆಯಲ್ಲಿ ಕೊಡೆ ಕೊಳ್ಳುವವರು ಅದನ್ನು ಒಮ್ಮೆ ಬಿಚ್ಚಿ, ಮಡಿಸಿ, ಚೌಕಾಸಿ ಮಾಡಿ, ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಾರೆ. ನಮ್ಮೂರು ಕೊಪ್ಪದ ಸಾಕಮ್ಮ ಟೀಚರ್ ಹಾಗಲ್ಲ. ಕೊಡೆ ಅಂಗಡಿಗೆ ಹೋಗುವಾಗ ಅವರು ಚೀಲದಲ್ಲಿ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗುತ್ತಿದ್ದರು. ಒಂದು ಸಲ ಅವರ ಜೊತೆ ಹೋಗುವ ಪುಣ್ಯ ನನಗೂ ಸಿಕ್ಕಿತ್ತು. ಪಾಲಿಟೆಕ್ನಿಕ್ ಓದುತ್ತಿದ್ದ, ಮೀಸೆ ಬಂದಿದ್ದ ನನ್ನನ್ನು ಅಂಗಡಿಯ ಮೆಟ್ಟಿಲ ಕೆಳಗೆ ನಿಲ್ಲಿಸಿ, ಹೊಸ ಕೊಡೆಯನ್ನು ಬಿಚ್ಚಿ ಕೈಗೆ ಕೊಟ್ಟು, "ಅಳ್ಳಾಡ್ಬ್ಯಾಡ ಕಣ್ಲಾ" ಎಂದು ಮೇಲಿನಿಂದ ಬಾಟಲಿಯ ನೀರನ್ನೆಲ್ಲ ಸುರಿದರು. ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ ಜನ ನಿಂತು ನೋಡಿದರು. ಬಟ್ಟೆ ಸೋರಲಿಲ್ಲ, ಆದರೆ ಕಡ್ಡಿಯ ಬುಡದಲ್ಲಿ ಜಿನುಗಿದ ನೀರು ನನ್ನ ಕಾಲರಿನೊಳಗೆ ಇಳಿಯಿತು. "ಇದ್ ಬ್ಯಾಡ, ಇನ್ನೊಂದ್ ಕೊಡಿ" ಎಂದರು. ಅಂಗಡಿಯವನು ಮರುಮಾತಾಡದೆ ಇನ್ನೊಂದು ಕೊಡೆಯನ್ನೂ, ಒಳಗಿನಿಂದ ಒಂದು ಚೊಂಬು ನೀರನ್ನೂ ತಂದುಕೊಟ್ಟ. ಅವನಿಗೆ ಇವರ ಪರಿಚಯ ಮೊದಲೇ ಇತ್ತೆಂದು ಕಾಣುತ್ತದೆ.

"ಬಾಯ್ಮಾತ್ ಬ್ಯಾಡ, ನೀರ್ ಉಯ್ದು ನೋಡವ." ಇದು ಅವರ ಮಾತು. ನೀರಿಗೆ ಸಂಬಂಧವೇ ಇಲ್ಲದ ಕಡೆಯಲ್ಲೂ ಇದನ್ನೇ ಹೇಳುತ್ತಿದ್ದರು. ಕುರ್ಚಿ ಕೊಳ್ಳುವಾಗ ಅಂಗಡಿಯಲ್ಲೇ ಕೂತು, ಎದ್ದು, ಕೊನೆಗೆ ಅಂಗಡಿಯವನನ್ನೂ ಕೂರಿಸಿ ನೋಡುತ್ತಿದ್ದರು. ಓಟು ಕೇಳಲು ಬಂದವನೊಬ್ಬ ಅವರ ಬೀದಿಗೆ ಮಳೆ ಬಿದ್ದರೂ ಕೆಸರಾಗದಂಥ ರಸ್ತೆ ಮಾಡಿಸಿಕೊಡುತ್ತೇನೆಂದಾಗ, "ಆಯ್ತು ಕಣಪ್ಪ, ಮೊದ್ಲು ಚಪ್ಲಿ ಬುಟ್ಟು ಈ ಕೊನೆಯಿಂದ ಆ ಕೊನೆಗಂಟ ನಡ್ಕೊಂಡ್ ಬಾ, ಆಮ್ಯಾಕ್ ಮಾತಾಡವ" ಎಂದಿದ್ದರು. ಬಿಳಿ ಪಂಚೆಯ ಆ ಮನುಷ್ಯ ನಡೆದ. ಮೊಣಕಾಲಿನವರೆಗೂ ಕೆಸರಾದ ಮೇಲೆ ಅವರೇ ಕಾಲಿಗೆ ನೀರು ಕೊಟ್ಟು ಕಳಿಸಿದರು.

ಸಾಕಮ್ಮ ಟೀಚರ್ ಹುಟ್ಟಿದ್ದು ಮಳವಳ್ಳಿ ಕಡೆ. ಮದುವೆಯಾಗಿ ಕೊಪ್ಪಕ್ಕೆ ಬಂದು, ನಮ್ಮೂರಿನ ಅಂಗನವಾಡಿಯಲ್ಲಿ ಟೀಚರಾಗಿ, ಅಲ್ಲಿಂದಲೇ ನಿವೃತ್ತರಾದರು. ಊರಿನ ಅರ್ಧ ಜನಕ್ಕೆ ಅ ಆ ಇ ಈ ಹೇಳಿಕೊಟ್ಟವರು ಅವರೇ. ಆದ್ದರಿಂದ ತಲೆ ನೆರೆತ ಗಂಡಸರನ್ನೂ ಅವರು 'ಲಾ' ಎಂದೇ ಕರೆಯುತ್ತಿದ್ದರು. ಗಂಡ ಜವರಯ್ಯ ಬಸ್ ಕಂಡಕ್ಟರಾಗಿದ್ದವರು. ಮನೆಯಲ್ಲೂ ಊಟ ಮುಗಿದರೆ "ರೈಟ್" ಎಂದು ಏಳುವ, ಕಡಿಮೆ ಮಾತಿನ ಮನುಷ್ಯ. ಜವರಯ್ಯನವರ ತಂದೆಯ ಕಾಲದಲ್ಲೇ ಬೌದ್ಧರಾದ ಮನೆ ಅದು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ ಒಂದೇ. ನಮ್ಮದು ದೊಡ್ಡ ಬೀದಿ, ಜಮೀನು ಇರುವ ಒಕ್ಕಲು ಮನೆಗಳದ್ದು. ಅವರದು ನಮ್ಮ ಹಿತ್ತಿಲಿಗೆ ಬೆನ್ನು ಕೊಟ್ಟ ಹೊಸ ಬೀದಿ. ನಮ್ಮ ಹಿತ್ತಿಲ ಗೋಡೆಗೂ ಅವರ ಮನೆಗೂ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಆದರೂ ನಮ್ಮವ್ವ ಜಯಮ್ಮ ಮದುವೆಯಾಗಿ ಬಂದಾಗಿನಿಂದ ಅವರ ಹೊಸಿಲು ದಾಟಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು.

ಟೀಚರಮ್ಮನದು ಸಂಬಳದಲ್ಲಿ ಉಳಿಸಿ ಕಟ್ಟಿಸಿದ ಮೋಲ್ಡ್ ಮನೆ. ಹೊರಗಿನಿಂದಲೇ ಮೆಟ್ಟಿಲು, ಮೇಲೆ ಅಂಗೈಯ ಹಾಗೆ ಸಮನಾದ ತಾರಸಿ. ಆ ಸಮನಾಗಿರುವುದೇ ರೋಗವಾಯಿತು. ನೀರು ಹರಿದು ಹೋಗದೆ ಅಲ್ಲೇ ನಿಂತು, ಸಣ್ಣ ಬಿರುಕು ಹುಡುಕಿಕೊಂಡು ಕೆಳಗಿಳಿಯುತ್ತಿತ್ತು. ಸಿಮೆಂಟು ಬಳಿಸಿದರು, ತಾರು ಬಳಿಸಿದರು, ಯಾವುದೋ ಬಿಳಿ ಬಣ್ಣ ಹೊಡೆಸಿದರು. ಮಳೆಗೆ ಇದ್ಯಾವುದೂ ಲೆಕ್ಕಕ್ಕೇ ಬರಲಿಲ್ಲ. ಸೋರುವ ಜಾಗ ವರ್ಷದಿಂದ ವರ್ಷಕ್ಕೆ ಬುದ್ಧನ ಪಟದ ಕಡೆಗೆ ಸರಿಯುತ್ತಿತ್ತು. ಟೀಚರಮ್ಮ ಪ್ರತಿ ಮಳೆಗಾಲಕ್ಕೂ ಪಟವನ್ನು ಒಂದು ಮೊಳ ಆಚೆಗೆ ತೂಗುಹಾಕುತ್ತಿದ್ದರು. "ಆಯಪ್ಪ ಏನೂ ಅನ್ನಲ್ಲ ಕಣ್ಲಾ, ಕಣ್ ಮುಚ್ಕೊಂಡೇ ಅವ್ನೆ. ನಂಗೇ ನಾಚ್ಕೆ ಆಯ್ತದೆ" ಎನ್ನುತ್ತಿದ್ದರು.

ಇದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ. ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಅದರ ಮೇಲೆ ತಗಡು ಹೊದಿಸುವುದು. ಮಂಡ್ಯದಿಂದ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಕೂತು ನೋಡಿ, ಮನೆಯ ಮೇಲೊಂದು ನೀಲಿಯೋ ಹಸಿರೋ ತಗಡಿನ ಟೋಪಿ ಇಲ್ಲದ ಮನೆ ಸಿಗುವುದು ಕಷ್ಟ. ನಮ್ಮ ದೊಡ್ಡ ಬೀದಿಯಲ್ಲಿ ಒಬ್ಬರನ್ನು ನೋಡಿ ಒಬ್ಬರು ಎಲ್ಲರೂ ಹಾಕಿಸಿದರು. ನಮ್ಮ ಮನೆಗೂ ಬಂತು. ಸೋರುವುದು ನಿಂತಿತು, ಆದರೆ ಬೇಸಿಗೆ ಬಂದಾಗ ಹೆಂಗಸರಿಗೆ ಒಂದು ವಿಷಯ ತಲೆಗೆ ಹೋಯಿತು. ಸಂಡಿಗೆ ಇಡಲು ಇಡೀ ಬೀದಿಯಲ್ಲಿ ಬಿಸಿಲೇ ಇಲ್ಲ!

ಅಂಗಳದಲ್ಲಿ ಇಟ್ಟರೆ ಕೋಳಿ, ರಸ್ತೆಯಲ್ಲಿ ಇಟ್ಟರೆ ಕಬ್ಬಿನ ಟ್ರ್ಯಾಕ್ಟರಿನ ಧೂಳು. ನಮ್ಮವ್ವ ಎರಡು ದಿನ ಗೊಣಗಿದಳು. ಮೂರನೆಯ ದಿನ ಹಿತ್ತಿಲ ಗೋಡೆಯ ಈಚೆ ನಿಂತು ಕೂಗಿದಳು, "ಟೀಚರಮ್ಮ, ನಿಮ್ ತಾರ್ಸಿ ಮ್ಯಾಲೆ ಒಂದಷ್ಟ್ ಸಂಡ್ಗೆ ಇಟ್ಕಳ್ಳಾ?"

ಟೀಚರಮ್ಮ ತಕ್ಷಣ ಹೂಂ ಎನ್ನಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಗೋಡೆಯ ಹತ್ತಿರ ಬಂದರು. "ಇಟ್ಕಳಿ ಜಯಮ್ನೋರೆ, ಬಿಸ್ಲೇನ್ ನಮ್ಮಪ್ಪಂದಲ್ಲ. ಆದ್ರೆ ಒಂದ್ ಮಾತು. ನನ್ ತಾರ್ಸಿ ಮ್ಯಾಕೆ ಬಂದ್ರೆ ಒಂದೇ ಒಲೆ, ಒಂದೇ ಪಾತ್ರೆ. ನಮ್ ಬೀದಿಯೋರೂ ನಿಮ್ ಬೀದಿಯೋರೂ ಒಂದೇ ಇಟ್ ಬೇಯ್ಸಿ, ಒಟ್ಗೇ ಇಟ್ಟು, ಒಟ್ಗೇ ಅಂಚ್ಕಳದು. ಬ್ಯಾರೆ ಬ್ಯಾರೆ ಅಂದ್ರೆ ನಿಮ್ ನಿಮ್ ತಗಡಿನ್ ಕೆಳ್ಗೇ ಒಣಗ್ಸ್ಕಳಿ."

ನಮ್ಮವ್ವ ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದಳು. ಒಂದು ವಾರ ದೊಡ್ಡ ಬೀದಿಯಲ್ಲಿ ಇದೇ ಮಾತು. ಅವಳಿಗೆಷ್ಟು ಧಿಮಾಕು ಎಂದು ಕೆಲವರು, ಕಾಲ ಕೆಟ್ಟಿತು ಎಂದು ಕೆಲವರು. ಬಿಸಿಲು ಮಾತ್ರ ದಿನದಿಂದ ದಿನಕ್ಕೆ ಚೆನ್ನಾಗಿ ಬರುತ್ತಿತ್ತು. ಸಂಡಿಗೆಯಿಲ್ಲದೆ ವರ್ಷವಿಡೀ ಸಾರು ಉಣ್ಣುವುದನ್ನು ನೆನೆಸಿಕೊಂಡು ಮೊದಲು ಸೋತವಳು ನಮ್ಮವ್ವನೇ. ಟೀಚರಮ್ಮನ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿ, ದೊಡ್ಡ ಹಂಡೆಯಲ್ಲಿ ಗಂಜಿ ಕುದಿಸಿ, ಮೆಟ್ಟಿಲಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಮೇಲೇರಿಸಿದರು. ಹೊಸ ಬೀದಿಯ ಹೆಂಗಸರೂ ದೊಡ್ಡ ಬೀದಿಯ ಹೆಂಗಸರೂ ಒಂದೇ ಹಳೇ ಪಂಚೆಯ ಎರಡು ತುದಿಯಲ್ಲಿ ಕೂತು ಸಂಡಿಗೆ ಇಟ್ಟರು. ಆ ವರ್ಷದಿಂದ ಅದು ವಾಡಿಕೆಯಾಯಿತು. ಸೊಸೆಯಂದಿರು ಅತ್ತೆಯರನ್ನು ಆಡಿಕೊಳ್ಳಲು, ಅತ್ತೆಯರು ಸೊಸೆಯಂದಿರನ್ನು ಆಡಿಕೊಳ್ಳಲು ಅಂಥ ಇನ್ನೊಂದು ಜಾಗ ಕೊಪ್ಪದಲ್ಲಿರಲಿಲ್ಲ. ಆದರೂ ನಮ್ಮ ಬೀದಿಯವರು ಹೊರಗಿನ ಮೆಟ್ಟಿಲಲ್ಲೇ ಹತ್ತಿ, ಹೊರಗಿನ ಮೆಟ್ಟಿಲಲ್ಲೇ ಇಳಿದು ಹೋಗುತ್ತಿದ್ದರು. ಕುಡಿಯುವ ನೀರನ್ನೂ ಮನೆಯಿಂದಲೇ ತಂದುಕೊಳ್ಳುತ್ತಿದ್ದರು. ಟೀಚರಮ್ಮ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಬುದ್ಧನ ಪಟದ ಗಾಜಿನೊಳಕ್ಕೇ ನೀರು ಹೋಯಿತು. ಅಷ್ಟು ವರ್ಷ ತೆಪ್ಪಗಿದ್ದ ಜವರಯ್ಯ ಅವತ್ತು ಬಾಯಿ ಬಿಟ್ಟರು. "ಸಾಕು ಟೀಚ್ರೇ, ತಗಡ್ ಆಕ್ಸಿ. ರೈಟ್." ಮದ್ದೂರಿನಿಂದ ವೆಲ್ಡಿಂಗಿನವನು ಬಂದು ಅಳತೆಯನ್ನೂ ತೆಗೆದುಕೊಂಡು ಹೋದ. ಅವತ್ತು ಸಂಜೆ ನಾನು ಗೆಜ್ಜಲಗೆರೆಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದಾಗ ಟೀಚರಮ್ಮ ದಾರಿಯಲ್ಲೇ ತಡೆದು ನಿಲ್ಲಿಸಿದರು.

"ತಗಡ್ ಬಂದ್ರೆ ಸಂಡ್ಗೆ ಓಯ್ತದೆ ಕಣ್ಲಾ ಮಂಜ. ಸಂಡ್ಗೆ ಓದ್ರೆ ನಿಮ್ಮವ್ವ ಆ ಕಡೆ, ನಾನ್ ಈ ಕಡೆ. ಎಷ್ಟ್ ವರ್ಷಕ್ಕೆ ಮೆಟ್ಲು ಅತ್ತವ್ರೆ. ಮ್ಯಾಕ್ ಬಂದೋರು ಒಂದಿನ ಒಳಕ್ಕೂ ಬತ್ತಾರೆ ಅಂತ ನಾನ್ ಕಾಯ್ತಾ ಕುಂತಿವ್ನಿ. ಸೋರ್ಬಾರ್ದು, ಬಿಸ್ಲೂ ಓಗ್ಬಾರ್ದು. ಅಂತಾದೇನಾರ ಅದಾ? ನೀನ್ ಕಾರ್ಖಾನೆಲಿರೋನು, ಏಳು."

ಅಷ್ಟು ನೇರವಾಗಿ ಆ ವಿಷಯವನ್ನು ನಮ್ಮಿಬ್ಬರ ನಡುವೆ ಯಾರೂ ಯಾವತ್ತೂ ಆಡಿರಲಿಲ್ಲ. ಏನಾದರೂ ಹೇಳಲೇಬೇಕಲ್ಲ ಎಂದು, ನಮ್ಮ ಕಾರ್ಖಾನೆಯ ಕಚೇರಿ ಕಟ್ಟಡದ ಮೇಲೆ ಹಾಸಿರುವ ಹಾಳೆಯ ವಿಷಯ ಹೇಳಿದೆ. ಒಂದೇ ಪದರದ ಪ್ಲಾಸ್ಟಿಕ್ ಹಾಳೆ. ತುಂಡುಗಳ ಅಂಚನ್ನು ಒಂದರ ಮೇಲೊಂದು ಇಟ್ಟು ಬಿಸಿಗಾಳಿಯಿಂದ ಕರಗಿಸಿ ಬೆಸೆಯುತ್ತಾರೆ. ಇಡೀ ತಾರಸಿ ಒಂದೇ ತಟ್ಟೆಯ ಹಾಗೆ ಆಗುತ್ತದೆ. ಮೇಲೆ ಬಿಸಿಲು ಬೀಳುತ್ತದೆ, ಮಳೆ ಬೀಳುತ್ತದೆ, ಕೆಳಗೆ ಮಾತ್ರ ಇಳಿಯುವುದಿಲ್ಲ.

"ಒಂದೇ ಪದ್ರವಾ? ತಾರು, ಸಿಮೆಂಟು, ಬಣ್ಣ ಅಂತ ಮೂರ್ ಪದ್ರ ಬಳ್ದು ಸೋರಿರೋ ಮನೆ ಕಣ್ಲಾ ಇದು!"

"ಟೀಚರಮ್ಮ, ಕೊಡೇದೂ ಒಂದೇ ಪದ್ರ ಅಲ್ವಾ?"

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಭಾನ್ವಾರ ತೋರ್ಸು" ಎಂದರು.

ಭಾನುವಾರ ಮ್ಯಾನೇಜರನ್ನು ಕಾಡಿ ಬೇಡಿ ಒಪ್ಪಿಸಿ ಅವರನ್ನು ಕಾರ್ಖಾನೆಯ ತಾರಸಿಗೆ ಹತ್ತಿಸಿದೆ. ಮೊದಲು ಚಪ್ಪಲಿ ಬಿಟ್ಟರು. ಕಣದಲ್ಲಿ ರಾಗಿ ತುಳಿಯುವ ಹಾಗೆ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಬರಿಗಾಲಲ್ಲಿ ನಡೆದರು. ಬೆಸುಗೆಯ ಗೆರೆ ಬಂದ ಕಡೆಯೆಲ್ಲ ನಿಂತು ಹೆಬ್ಬೆರಳಿನಿಂದ ಕೆರೆದು ನೋಡಿದರು. ಹಿಂದೆಯೇ ಬರುತ್ತಿದ್ದ ಸೆಕ್ಯುರಿಟಿಯವನಿಗೆ, "ಇದ್ರ ಕೆಳ್ಗಿರೋ ರೂಮು ಯಾರ್ದು?" ಎಂದರು. ಮ್ಯಾನೇಜರದ್ದು ಎಂದ. "ಬೀಗ ತೆಗಿ" ಎಂದರು. ಅವನು ನನ್ನ ಮುಖ ನೋಡಿದ. ಕೊನೆಗೆ ಮ್ಯಾನೇಜರೇ ಬಂದು ಬೀಗ ತೆಗೆದರು. ಅವರ ತಲೆಯ ಮೇಲಿನ ಚಾವಣಿಯನ್ನು ಟೀಚರಮ್ಮ ಕುರ್ಚಿ ಹತ್ತಿ ಮುಟ್ಟಿ ನೋಡಿ, "ಒಣಗದೆ" ಎಂದು ಸರ್ಟಿಫಿಕೇಟು ಕೊಟ್ಟರು. ಮಾರನೆಯ ದಿನ ಮ್ಯಾನೇಜರು ನನ್ನನ್ನು ಕರೆದು, ಅವರು ಯಾವ ಇಲಾಖೆಯವರು ಎಂದು ಕೇಳಿದರು.

ಆ ಹಾಳೆ ಹಾಸಿದ್ದ ಮಂಡ್ಯದ ಪ್ರಕಾಶ ಎಂಬಾತ ನಾಲ್ಕಾರು ದಿನ ಬಿಟ್ಟು ಕೊಪ್ಪಕ್ಕೆ ಬಂದ. ಮಾತುಗಾರ. ಚೀಲದಲ್ಲಿ ಮೂರು ತುಂಡು ತಂದಿದ್ದ. ಒಂದು ಕರೀ ರಬ್ಬರಿನದು, ಒಂದು ಹಾಲಿನಂಥ ಬಿಳಿಯದು, ಒಂದು ಬೂದು ಬಣ್ಣದ್ದು. ಪ್ರತಿಯೊಂದರ ಗುಣಗಾನ ಶುರುಮಾಡಿದ ಕೂಡಲೇ ಟೀಚರಮ್ಮ ಮೂರನ್ನೂ ಅವನ ಕೈಯಿಂದ ತೆಗೆದುಕೊಂಡು, "ಕಾಪಿ ಕುಡ್ದು ಓಗಪ್ಪ, ಮುಂದಿನ್ ವಾರ ಬಾ" ಎಂದರು.

ಆ ವಾರ ನಮ್ಮೂರಿನ ಜನಕ್ಕೆ ಒಳ್ಳೆಯ ಮನರಂಜನೆ. ಮೂರು ತುಂಡನ್ನೂ ಅಂಗಳದಲ್ಲಿ ಗೂಟಗಳಿಗೆ ತೊಟ್ಟಿಲಿನ ಹಾಗೆ ಕಟ್ಟಿ ನೀರು ತುಂಬಿದರು. ಕೆಳಗೆ ಬೂದಿ ಉದುರಿಸಿದರು, ಒಂದು ಹನಿ ಬಿದ್ದರೂ ಗೊತ್ತಾಗಲಿ ಎಂದು. ಆಮೇಲೆ ನೀರು ಚೆಲ್ಲಿ, ನೆಲದ ಮೇಲೆ ಹಾಸಿ, ಕುದಿಯುವ ಗಂಜಿ ಸುರಿದರು. ಕಡಲೆಕಾಯಿ ಎಣ್ಣೆ ಬಳಿದು ಬಿಸಿಲಿಗಿಟ್ಟರು. ಅಕ್ಕಿ ಚೆಲ್ಲಿ ಕೋಳಿಗಳನ್ನು ಬಿಟ್ಟು ಕುಕ್ಕಿಸಿದರು. ಕೊನೆಗೆ ಮೂರರ ಮೇಲೂ ಒಂದೊಂದು ಹಿಡಿ ಸಂಡಿಗೆ ಇಟ್ಟರು. ಕರೀ ರಬ್ಬರಿನ ಮೇಲೆ ಎಲ್ಲಕ್ಕಿಂತ ಬೇಗ ಒಣಗಿತು, ಆದರೆ ಕರಿದು ತಿಂದ ಜವರಯ್ಯ "ಟಯರು" ಎಂದು ಉಗಿದರು. ಎಣ್ಣೆ ಬಿದ್ದ ಜಾಗದಲ್ಲಿ ಆ ರಬ್ಬರು ಊದಿಕೊಂಡೂ ಇತ್ತು. ಬಿಳಿಯದು ಚೆನ್ನಾಗಿತ್ತು, ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಅದರ ಮೇಲಿನ ಸಂಡಿಗೆ ಎಲ್ಲಿದೆ ಎಂದು ತಡವಿಯೇ ಹುಡುಕಬೇಕಾಗಿತ್ತು. ಬೂದು ಬಣ್ಣದ್ದರಲ್ಲಿ ಮಾತ್ರ ಯಾವ ತಪ್ಪೂ ಸಿಗಲಿಲ್ಲ.

ಮುಂದಿನ ವಾರ ಬಂದ ಪ್ರಕಾಶ ತನ್ನ ತುಂಡುಗಳ ಅವಸ್ಥೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಮ್ಮಾ, ಇದು ತಾರಸಿಗೆ ಹಾಕೋ ಹಾಳೆ, ಸಂಡಿಗೆಗಲ್ಲ. ನೇರವಾಗಿ ಇದರ ಮೇಲೆ ಆಹಾರ ಇಡಬಾರದು."

"ಗೊತ್ತು ಕಣಪ್ಪ, ಪಂಚೆ ಆಸ್ಕತೀವಿ. ಪಂಚೆ ದಾಟಿ ಚೆಲ್ಲಿದ್ದು ಎಲ್ಗ್ ಓಯ್ತದೆ? ಇದ್ರ್ ಮ್ಯಾಕೇ ತಾನೆ?"

ಅವನಿಗೂ ಹೌದೆನ್ನಿಸಿತು. ಎಣ್ಣೆ ಜಿಡ್ಡು ಬೀಳುವ ಕಡೆಗೆ ಬೂದು ಬಣ್ಣದ್ದೇ ಸರಿ, ಹೋಟೆಲುಗಳ ಮೇಲೆ ತಾನು ಅದನ್ನೇ ಹಾಕುವುದು ಎಂದ. ಒಂದೇ ತೊಡಕೆಂದರೆ ಆ ಜಾತಿಯ ಹಾಳೆಗೂ ತಾರಿಗೂ ಆಗಿಬರುವುದಿಲ್ಲ. ಹಳೇ ತಾರಿನ ಮೇಲೆ ನೇರವಾಗಿ ಹಾಸಿದರೆ ಹಾಳೆ ಗಡುಸಾಗಿ ಒಡೆಯುತ್ತದೆ, ಆದ್ದರಿಂದ ನಡುವೆ ದಪ್ಪ ಬಟ್ಟೆಯಂಥದೊಂದು ಹಾಸಬೇಕು. ನೀರು ನಿಲ್ಲದಂತೆ ಮೊದಲು ಸ್ವಲ್ಪ ಇಳಿಜಾರು ಕೊಡಬೇಕು. ಆಮೇಲೆ ಹಾಳೆಯ ಮೇಲೆ ಬೆಂಕಿ ಕೂಡದು, ಚೂಪಾದ ಕಾಲಿನ ಸ್ಟೂಲು ಕೂಡದು, ಕಾಗೆ ಓಡಿಸಲು ಕೋಲು ನೆಡಕೂಡದು. "ಒಂದೇ ಪದರ ಅಮ್ಮಾ. ಒಂದು ತೂತು ಬಿದ್ದರೆ ಕಾಪಾಡೋಕೆ ಕೆಳಗೆ ಇನ್ನೊಂದಿಲ್ಲ." ಟೀಚರಮ್ಮ ಇದನ್ನು ಮಾತ್ರ ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಅವತ್ತೇ ಎರಡೂ ಬೀದಿಯ ಹೆಂಗಸರನ್ನು ಅಂಗಳಕ್ಕೆ ಕರೆದು ಅಂಗನವಾಡಿ ಮಕ್ಕಳಿಗೆ ಹೇಳುವ ಹಾಗೆ ಹೇಳಿಕೊಟ್ಟರು. ಬೆಂಕಿ ಇಲ್ಲ, ಸ್ಟೂಲಿಲ್ಲ, ಕೋಲಿಲ್ಲ. ಎಲ್ಲರೂ ಒಟ್ಟಿಗೆ ಹೂಂ ಎಂದರು.

ಜವರಯ್ಯನವರಿಗೆ ಇನ್ನೂ ನಂಬಿಕೆ ಇರಲಿಲ್ಲ. ಗಂಡ ಹೆಂಡತಿ ನಡುವೆ ಒಂದು ಒಪ್ಪಂದವಾಯಿತು. ಈ ಹಾಳೆಯೂ ಸೋರಿದರೆ ಮರುಮಾತಿಲ್ಲದೆ ತಗಡು. ಟೀಚರಮ್ಮ "ಆಯ್ತು" ಎಂದರು. ಅವರು ಒಂದು ಮಾತು ಕೊಟ್ಟರೆ ಅದರಿಂದ ಜಾರುವವರಲ್ಲ.

ಪ್ರಕಾಶನ ಕೆಲಸದವರು ಬಂದು ಇಳಿಜಾರು ಮಾಡಿ, ಬಟ್ಟೆ ಹಾಸಿ, ಹಾಳೆ ಉರುಳಿಸಿ, ಬಿಸಿಗಾಳಿಯ ಯಂತ್ರ ಹಿಡಿದು ಬೆಸೆದರು. ಗೋಡೆಯಂಚಿನಲ್ಲಿ ಹಾಳೆಯನ್ನು ಮೇಲಕ್ಕೆ ಮಡಿಸಿ ಪಟ್ಟಿ ಹೊಡೆದರು. ಬೆಸುಗೆಯ ಅಂಚಿಗೆ ಮೊಂಡು ಸ್ಕ್ರೂಡ್ರೈವರ್ ಕೊಟ್ಟು ಎಳೆದು ನೋಡುವ ಪರೀಕ್ಷೆಯೊಂದಿತ್ತು. ಅದನ್ನು ಕಂಡು ಟೀಚರಮ್ಮನಿಗೆ ಆದ ಸಂತೋಷ ಹೇಳತೀರದು. ಕೆಲಸದವನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಎಲ್ಲ ಬೆಸುಗೆಯನ್ನೂ ತಾವೇ ಇನ್ನೊಮ್ಮೆ ಎಳೆದರು. ಮುಗಿದ ಮೇಲೆ ತಾರಸಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಶಿವಪುರದ ಕಡೆಯಿಂದಲೂ ನೆಂಟರಿಷ್ಟರು ಬಂದು ಮೆಟ್ಟಿಲು ಹತ್ತಿ ನೋಡಿ ಹೋದರು.

ಕೊನೆಗೆ ನೀರು ನಿಲ್ಲಿಸುವ ಪರೀಕ್ಷೆ. ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ತಾರಸಿಯ ತುಂಬ ನೀರು ಕಟ್ಟಿ ಎರಡು ದಿನ ಬಿಡುವುದು. ಬೆಳಿಗ್ಗೆ ನೀರು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ನಡುಮನೆಯಲ್ಲಿ ಟಪ್ ಎಂದಿತು.

ಸುದ್ದಿ ಕೇಳಿ ನಾನು ಓಡಿದೆ. ಜವರಯ್ಯ ಪಟದ ಕೆಳಗೆ ಒಂದು ಬಟ್ಟಲಿಟ್ಟು, ಅದರ ಪಕ್ಕದಲ್ಲೇ ಕೂತಿದ್ದರು. ಪ್ರಕಾಶ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ನೀರಿನಲ್ಲಿ ಬಗ್ಗಿ ಬೆಸುಗೆಯ ಗೆರೆಗಳನ್ನು ಒಂದೊಂದಾಗಿ ತಡವುತ್ತಿದ್ದ. ಹಾಳೆಯ ಕೆಳಗೆ ಹೋದ ನೀರು ಎಲ್ಲೋ ಹೊಕ್ಕು ಎಲ್ಲೋ ಇಳಿಯುತ್ತದೆ, ಹನಿ ಬಿದ್ದ ಜಾಗದ ಮೇಲೇ ತೂತಿರಬೇಕೆಂದಿಲ್ಲ ಎಂದು ಅವನು ಹೇಳುತ್ತಲೇ ಇದ್ದ. ಟೀಚರಮ್ಮ ಮೆಟ್ಟಿಲಿನ ಮೇಲೆ ಕುಗ್ಗಿ ಕೂತಿದ್ದರು. ಅವರನ್ನು ಹಾಗೆ ನಾನು ಕಂಡಿದ್ದು ಅದೊಂದೇ ಸಲ. "ವೆಲ್ಡಿಂಗ್ನೋನ್ಗೆ ಫೋನ್ ಮಾಡ್ಬುಡ್ಲಾ ಮಂಜ" ಎಂದರು. ನಾನು ಫೋನು ಕೈಗೆ ತೆಗೆದುಕೊಂಡೆ, ಮಾಡಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದಿನಿಂದ ಒಂದು ನಿಂಬೆಹಣ್ಣು ತೇಲಿಕೊಂಡು ಬಂತು. ಗಾಳಿಗೆ ಮೆಲ್ಲಗೆ ತಿರುಗುತ್ತ ತಾರಸಿಯ ನಡುವಿಗೆ ಬಂದು ನಿಂತಿತು. ಹಿಂದೆಯೇ ಎರಡು ಹಸಿಮೆಣಸಿನಕಾಯಿ, ಒಂದು ಇದ್ದಲ ಚೂರು. ಪ್ರಕಾಶ ಬಗ್ಗಿದವನು ಹಾಗೇ ನಿಂತು ನೋಡಿದ. ನಾನು ಟ್ಯಾಂಕಿನ ಸಂದಿಗೆ ಕೈ ಹಾಕಿದೆ. ಮೂಲೆಯಲ್ಲಿ, ಹಾಳೆಯನ್ನೂ ಬಟ್ಟೆಯನ್ನೂ ತೂರಿಕೊಂಡು ಮೋಲ್ಡಿನೊಳಗೆ ಇಳಿದ, ಬೆರಳುದ್ದದ ಕಬ್ಬಿಣದ ಮೊಳೆ. ಅದರ ಕುತ್ತಿಗೆಗೆ ಹರಿದ ಕರೀ ದಾರ. ಗಂಟು ಕಟ್ಟಿದ ರೀತಿ ನೋಡಿದ ಕೂಡಲೇ ಅದು ಯಾರ ಕೈಯೆಂದು ನನಗೆ ಗೊತ್ತಾಯಿತು. ನಮ್ಮ ಕೊಟ್ಟಿಗೆಯ ಬಾಗಿಲಿಗೂ ಅದೇ ಗಂಟಿದೆ.

ನಮ್ಮವ್ವನನ್ನು ಕರೆತಂದೆ. ಅವಳು ಮೆಟ್ಟಿಲಲ್ಲೇ ಅಳಲು ಶುರುಮಾಡಿದಳು. "ಊರ್ ಊರೇ ಬಂದ್ ನೋಡ್ಕಂಡ್ ಓಯ್ತಲ್ಲ ಟೀಚರಮ್ಮ. ಎಲ್ರ್ ಕಣ್ಣೂ ಇದ್ರ್ ಮ್ಯಾಲೇ. ದಿಷ್ಟಿ ಆಗ್ಬಾರ್ದು ಅಂತ ನೀವ್ ಮದ್ದೂರ್ಗ್ ಓಗಿದ್ದಾಗ ಮೊಳೆ ಒಡ್ದೆ. ನೀವ್ ಇವನ್ನೆಲ್ಲ ನಂಬಲ್ವಲ್ಲ, ಬೈತೀರಾ ಅಂತ ಟ್ಯಾಂಕ್ ಇಂದ್ಕೆ ಒಡ್ದೆ. ಬೆಂಕಿ ಬ್ಯಾಡ ಅಂದ್ರಿ, ಸ್ಟೂಲ್ ಬ್ಯಾಡ ಅಂದ್ರಿ, ಕೋಲ್ ಬ್ಯಾಡ ಅಂದ್ರಿ. ಮೊಳೆ ಬ್ಯಾಡ ಅಂತ ಯಾರ್ ಏಳುದ್ರಿ?"

ನಮ್ಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮನೆ ಅಂತ ತಿಳ್ಕೊಂಡು ಒಡ್ದೆ ಕಣಮ್ಮ" ಎಂದಳು.

ಟೀಚರಮ್ಮ ಅವಳನ್ನೇ ನೋಡುತ್ತಿದ್ದರು. ಬೈಗುಳಕ್ಕೆಂದು ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. ಮೆಟ್ಟಿಲಿನ ಗೋಡೆ ಹಿಡಿದುಕೊಂಡು ನಕ್ಕರು. "ಕಣ್ಣು ಬೀಳ್ಬಾರ್ದು ಅಂತ ಮಳೇನೇ ಒಳಕ್ ಬೀಳಂಗ್ ಮಾಡ್ಬುಟ್ಯಲ್ಲೇ ಜಯಕ್ಕ!" ಎಂದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಯಾವಾಗಲೂ ಜಯಮ್ನೋರೆ ಎನ್ನುತ್ತಿದ್ದವರು ಅವತ್ತು ಮೊದಲ ಸಲ ಅಕ್ಕ ಎಂದರು. ನಮ್ಮವ್ವನೂ ಅಳುತ್ತಲೇ ನಗತೊಡಗಿದಳು. ಪ್ರಕಾಶ ಕಟ್ಟಿದ ನೀರನ್ನು ಹೊರಬಿಟ್ಟು, ಮೊಳೆ ಕಿತ್ತು, ಜಾಗ ಒಣಗಿಸಿ, ಅಂಚು ದುಂಡಗೆ ಕತ್ತರಿಸಿದ ತೇಪೆಯೊಂದನ್ನು ಬೆಸೆದ. ಮತ್ತೆ ಎರಡು ದಿನ ನೀರು ನಿಲ್ಲಿಸಿದರು. ಬಟ್ಟಲು ಒಣಗಿಯೇ ಇತ್ತು. ಜವರಯ್ಯ ಬಟ್ಟಲನ್ನು ಒಳಗೆ ತೆಗೆದಿಟ್ಟು "ರೈಟ್" ಎಂದರು.

ಮುಂದಿನ ಬೇಸಿಗೆಯಲ್ಲಿ ಸಂಡಿಗೆ ಇಟ್ಟ ದಿನವೇ ಮೂರು ಗಂಟೆಯ ಹೊತ್ತಿಗೆ ಮೋಡ ಕವಿದು, ಗುಡುಗಿ, ಆಲಿಕಲ್ಲು ಸಮೇತ ಮಳೆ ಬಂತು. ರಜೆಯಿದ್ದುದರಿಂದ ನಾನೂ ಅಲ್ಲೇ ಹಂಡೆ ಹೊರುತ್ತಿದ್ದೆ. ಹೆಂಗಸರು ಪಂಚೆಗಳನ್ನು ಸಂಡಿಗೆ ಸಮೇತ ಮುದುಡಿಕೊಂಡು ಮೆಟ್ಟಿಲು ಇಳಿದರು. ಬೀದಿ ದಾಟಿ ಮ‌ನೆಗೆ ಓಡುವಂತಿರಲಿಲ್ಲ, ತಲೆ ಒಡೆಯುವಂಥ ಆಲಿಕಲ್ಲು. ಎದುರಿಗೆ ಟೀಚರಮ್ಮನ ಬಾಗಿಲು ತೆರೆದಿತ್ತು. ಹೊಸ ಬೀದಿಯವರು ಒಳಗೆ ಹೋದರು. ದೊಡ್ಡ ಬೀದಿಯವರು ಸಜ್ಜೆಯ ಕೆಳಗೆ ಗೋಡೆಗೆ ಅಂಟಿಕೊಂಡು ನಿಂತರು. ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು, ಬನ್ನಿ ಎಂದು ಕರೆಯಲಿಲ್ಲ. ಅವರ ಕಣ್ಣು ನಮ್ಮವ್ವನ ಮೇಲಿತ್ತು. ನಮ್ಮವ್ವ ಕೈಯಲ್ಲಿದ್ದ ಹಸಿ ಸಂಡಿಗೆಯ ಗಂಟನ್ನು ನೋಡಿದಳು, ಮಳೆ ನೋಡಿದಳು. ಆಮೇಲೆ ಗಂಟನ್ನು ಎದೆಗವಚಿಕೊಂಡು ಒಳಗೆ ನಡೆದಳು. ಅವಳ ಹಿಂದೆ ಮಿಕ್ಕವರೆಲ್ಲ ಹೋದರು.

ನಡುಮನೆಯಲ್ಲಿ ಎರಡು ಬೀದಿಯ ಹೆಂಗಸರು ಒತ್ತೊತ್ತಾಗಿ ಕೂತರು. ಮೇಲೆ ಹಾಳೆಯ ಮೇಲೆ ಆಲಿಕಲ್ಲು ಹುರಿಗಾಳಿನಂತೆ ಸಿಡಿಯುತ್ತಿತ್ತು. ಎಲ್ಲರೂ ಕತ್ತೆತ್ತಿ ಚಾವಣಿಯನ್ನೇ ನೋಡುತ್ತಿದ್ದರು, ಪಟದೊಳಗಿನ ಬುದ್ಧನೊಬ್ಬನನ್ನು ಬಿಟ್ಟು. ಒಂದು ಹನಿ ಇಳಿಯಲಿಲ್ಲ. ಟೀಚರಮ್ಮ ಟೀ ಮಾಡಿ ತಂದರು. ತಟ್ಟೆ ನಮ್ಮವ್ವನ ಮುಂದೆ ಬಂದಾಗ ಅವಳ ಕೈ ಸ್ವಲ್ಪ ತಡೆಯಿತು. ನಾನು ಬೇರೆ ಕಡೆ ನೋಡಿದೆ. ಮತ್ತೆ ತಿರುಗುವ ಹೊತ್ತಿಗೆ ಅವಳು ಲೋಟವನ್ನು ಊದುತ್ತಾ, "ಸಕ್ರೆ ಜಾಸ್ತಿ ಆಯ್ತು ಕಣಮ್ಮ" ಎನ್ನುತ್ತಿದ್ದಳು.

ಟೀಚರಮ್ಮ ಹೋಗಿ ಒಂದು ವರ್ಷವಾಗುತ್ತಾ ಬಂತು. ಹೃದಯದ ಕಾಯಿಲೆ. ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ಕೊನೆಯ ಸಲ ನೋಡಿದಾಗ ಮಾತು ನಿಧಾನವಾಗಿತ್ತು, ಆದರೆ ನಗು ಹಾಗೇ ಇತ್ತು. ಡಾಕ್ಟರು ಎಲ್ಲ ಸರಿಹೋಗುತ್ತದೆ ಎಂದರಂತೆ. "ಬಾಯ್ಮಾತು ಕಣ್ಲಾ" ಎಂದು ನನಗೆ ಕಣ್ಣು ಮಿಟುಕಿಸಿದರು. ನನಗೆ ಅಳು ಬಂತು, ಅಲ್ಲೇ ಅತ್ತೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, "ಅಂಗ್ನವಾಡಿ ಮೊದ್ಲ್ ದಿನಾನೂ ಇಂಗೇ ಅತ್ತಿದ್ದೆ, ಮದ್ಯಾನ್ಕೆ ಸರಿಯೋದೆ" ಎಂದರು.

ಈ ಬೇಸಿಗೆಯಲ್ಲಿ ಸಂಡಿಗೆ ಇಡುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಒಂದು ಶನಿವಾರ ಕೆಲಸದಿಂದ ಬೇಗ ಬಂದಾಗ ನಮ್ಮ ಮನೆಗೆ ಬೀಗ. ಹಿತ್ತಿಲು ಸುತ್ತಿ ಹೋದೆ. ಟೀಚರಮ್ಮನ ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು, ತಾರಸಿಯ ಮೇಲಿನಿಂದ ಹೆಂಗಸರ ಗದ್ದಲ ಕೇಳುತ್ತಿತ್ತು, ಜಗಲಿಯಲ್ಲಿ ಜವರಯ್ಯ ಅಕ್ಕಿ ಆರಿಸುತ್ತಾ ಕೂತಿದ್ದರು. ಟೀಚರಮ್ಮ ಇಲ್ಲದ ಆ ಮನೆಗೆ ಹೇಗೆ ಕಾಲಿಡುವುದೆಂದು ತಿಳಿಯದೆ ನಾನು ಹೊಸಿಲ ಹತ್ತಿರವೇ ನಿಂತೆ. ಅಡುಗೆಮನೆಯಲ್ಲಿ ಯಾರೋ ಡಬ್ಬಿ ತೆಗೆದು ಹಾಕಿದ ಸದ್ದಾಯಿತು. ಟೀ ಪುಡಿಯ ವಾಸನೆ ಬಂತು.

"ಯಾರ್ಲಾ ಅದು, ಮಂಜನಾ?" ಒಳಗಿನಿಂದ ನಮ್ಮವ್ವ ಕೂಗಿದಳು. "ಬಾಗ್ಲಲ್ಲಿ ಯಾಕ್ಲಾ ನಿಂತಿದ್ದೀಯ, ಒಳಕ್ ಬಾ."